ಒಂದೇ ಮೂಕಿಚಿತ್ರ, ಮೂರು ಅವಧಿ: ಯಾವ ಪ್ರತಿ ಹಾಕೋದು?

ಪರದೆಪ್ರಿಯ

ಎಲ್ಲರಿಗೂ ನಮಸ್ಕಾರ. ಜರ್ಮನ್ ನಿರ್ದೇಶಕ ಮುರ್ನೌ ಅವರ 1922ರ ‘ನೊಸ್ಫೆರಾಟು’ ಎಂಬ ರಕ್ತಪಿಶಾಚಿಯ ಮೂಕಿಚಿತ್ರವನ್ನು ಸುಮಾರು ಮೂವತ್ತು ಜನರಿಗೆ ಪ್ರೊಜೆಕ್ಟರಿನಲ್ಲಿ ತೋರಿಸಬೇಕಾಗಿದೆ. ಮೂರು ಫೈಲುಗಳಿವೆ. ಒಂದು 63 ನಿಮಿಷ, ಪೂರ್ತಿ ಕಪ್ಪು-ಬಿಳುಪು. ಇನ್ನೊಂದು 81 ನಿಮಿಷ. ಮೂರನೆಯದು 94 ನಿಮಿಷ, ದೃಶ್ಯಕ್ಕೊಂದು ಬಣ್ಣ: ಹಳದಿ, ನೀಲಿ, ನಸುಗೆಂಪು. 63 ನಿಮಿಷದ್ದರಲ್ಲಿ ಎಲ್ಲರೂ ದಡದಡ ನಡೆಯುತ್ತಾರೆ, ಕೋಟೆಯ ಕುದುರೆಗಾಡಿಯಂತೂ ಕೀಲಿಕೊಟ್ಟ ಆಟಿಕೆಯ ಹಾಗೆ ಓಡುತ್ತದೆ. ಮೂಕಿಚಿತ್ರಗಳನ್ನು ಸೆಕೆಂಡಿಗೆ 16 ಫ್ರೇಮಿನಲ್ಲಿ (ಅಂದರೆ 16 ಬಿಡಿಚಿತ್ರ) ತೆಗೆಯುತ್ತಿದ್ದರು ಎಂದು ಓದಿದ್ದೇನೆ. ಹಾಗಾದರೆ 63 ನಿಮಿಷದ ಫೈಲನ್ನೇ 16ಕ್ಕೆ ನಿಧಾನ ಮಾಡಿ ಹಾಕಿದರೆ ಸಾಕೇ? ಬಣ್ಣ ಆಮೇಲೆ ಯಾರೋ ಬಳಿದದ್ದೇ? ನಡುನಡುವೆ ಮಾತು, ವಿವರಣೆ ಬರೆದು ತೋರಿಸುವ ಶೀರ್ಷಿಕೆ ಫಲಕಗಳಿಗೆ ಕನ್ನಡ ಹಾಕುವ ಆಸೆಯೂ ಇದೆ. ತಿಳಿದವರು ಬಿಡಿಸಿ ಹೇಳಿ.

ಕೀಟನ್‌ಭಕ್ತ

94. ಎರಡನೇ ಯೋಚನೆ ಬೇಡ.

ಕೈತಿರುಗಣೆ

94 ಸರಿ, ಆದರೆ ಯಾಕೆ ಅನ್ನೋದೂ ಗೊತ್ತಿರಲಿ. ಇದೇ ಲೆಕ್ಕ ಬೇರೆ ಚಿತ್ರಗಳಿಗೂ ಬೇಕಾಗುತ್ತದೆ.

ಮೂಕಿಯ ಕಾಲದಲ್ಲಿ ಚಿತ್ರದ ಅಳತೆ ನಿಮಿಷದಲ್ಲಿ ಇರಲಿಲ್ಲ, ಉದ್ದದಲ್ಲಿತ್ತು: ಇಷ್ಟು ಮೀಟರ್, ಇಷ್ಟು ಅಡಿ, ಇಷ್ಟು ರೀಲು. 35 ಎಂಎಂ ಫಿಲ್ಮಿನಲ್ಲಿ ಒಂದು ಅಡಿಗೆ 16 ಫ್ರೇಮು, ಒಂದು ಮೀಟರಿಗೆ ಸುಮಾರು 52.5. ಸಾವಿರ ಅಡಿಯ ರೀಲು ಅಂದರೆ 16,000 ಫ್ರೇಮು. ಅದನ್ನು ಸೆಕೆಂಡಿಗೆ 16ರಂತೆ ಓಡಿಸಿದರೆ 16 ನಿಮಿಷ 40 ಸೆಕೆಂಡು, 18ಕ್ಕೆ 14 ನಿಮಿಷ 49, 20ಕ್ಕೆ 13 ನಿಮಿಷ 20, 24ಕ್ಕೆ 11 ನಿಮಿಷ 7. ರೀಲು ಅದೇ, ವೇಗ ಬೇರೆಯಾದರೆ ನಿಮಿಷವೂ ಬೇರೆ.

‘ನೊಸ್ಫೆರಾಟು’ ಮೊದಲು ಬಿಡುಗಡೆಯಾದಾಗ ಇದ್ದ ಉದ್ದ 1967 ಮೀಟರ್. 18ರ ವೇಗಕ್ಕೆ ಭಾಗಿಸಿ ನೋಡಿ, ಹತ್ತಿರ ಹತ್ತಿರ 96 ನಿಮಿಷ. ನಿಮ್ಮ 94 ನಿಮಿಷದ ಪ್ರತಿ ಇದಕ್ಕೆ ತಾಳೆಯಾಗುತ್ತದೆ.

ಈಗ 63ರ ಕಥೆ. ಅದು 24ರಲ್ಲಿ ಓಡುತ್ತಿದ್ದರೆ ಒಟ್ಟು 90,720 ಫ್ರೇಮು. ಅದನ್ನು 18ಕ್ಕೆ ಇಳಿಸಿದರೆ 84 ನಿಮಿಷ ಬರುತ್ತದೆ, 94 ಬರುವುದಿಲ್ಲ. ಉಳಿದ ಹತ್ತು ನಿಮಿಷ ಆ ಪ್ರತಿಯಲ್ಲಿ ಇಲ್ಲವೇ ಇಲ್ಲ. ಕತ್ತರಿಸಿದ ದೃಶ್ಯ, ಗಿಡ್ಡ ಮಾಡಿದ ಶೀರ್ಷಿಕೆ ಫಲಕ, ಹರಿದುಹೋದ ರೀಲಿನ ತುದಿಗಳು, ಎಲ್ಲ ಸೇರಿ ಅಷ್ಟು. ಆದ್ದರಿಂದ ಬರೀ ನಿಧಾನ ಮಾಡಿದರೆ ಸಾಲದು.

ಪರದೆಪ್ರಿಯ

ಅಬ್ಬಾ, ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ. ಆದರೆ 18 ಯಾಕೆ, 16 ಯಾಕಲ್ಲ?

ಕೈತಿರುಗಣೆ

16 ಅನ್ನೋದು ಕ್ಯಾಮೆರಾದ ಹಿಡಿಯಿಂದ ಬಂದದ್ದು. ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ 8 ಫ್ರೇಮು ಓಡುತ್ತಿತ್ತು, ಸೆಕೆಂಡಿಗೆ ಎರಡು ಸುತ್ತು, ಅಲ್ಲಿಗೆ 16. ಆದರೆ ಕ್ಯಾಮೆರಾದವನ ಕೈ ಗಡಿಯಾರವಲ್ಲ. ದೃಶ್ಯದ ಬಿಸಿ ನೋಡಿ ಕೈ ಜೋರಾಗುತ್ತಿತ್ತು, ಇಳಿಯುತ್ತಿತ್ತು. ಒಂದೇ ಚಿತ್ರದೊಳಗೆ ಎರಡು ಮೂರು ವೇಗ ಇರುವುದು ಮಾಮೂಲು. ವರ್ಷ ಕಳೆದ ಹಾಗೆ ವೇಗ ಏರುತ್ತಾ ಹೋಯಿತು, 1920ರ ದಶಕದ ಕೊನೆಗೆ ಹಲವು ಚಿತ್ರಗಳು 22, 24ರ ಹತ್ತಿರ ಬಂದಿದ್ದವು. ಅದೂ ಅಲ್ಲದೆ ಚಿತ್ರಮಂದಿರದವರು ತೆಗೆದ ವೇಗಕ್ಕಿಂತ ಸ್ವಲ್ಪ ಜೋರಾಗಿಯೇ ಓಡಿಸುತ್ತಿದ್ದರು. ಟಾಕಿ ಬಂದ ಮೇಲೆ, ಧ್ವನಿಯ ಸ್ಥಾಯಿ ಏರುಪೇರಾಗಬಾರದೆಂದು, 24 ಕಾಯಂ ಆಯಿತು. ಹಳೆಯ ಮೂಕಿಗಳನ್ನೂ ಅದೇ ಯಂತ್ರಕ್ಕೆ ಹಾಕಿದರು. ‘ಮೂಕಿಯಲ್ಲಿ ಜನ ಕುಣಿದುಕೊಂಡು ನಡೀತಾರೆ’ ಅನ್ನೋ ಕಲ್ಪನೆ ಹುಟ್ಟಿದ್ದೇ ಅಲ್ಲಿಂದ.

ಅಂಬರ್‌ನೀಲಿ

ಒಂದು ತಿದ್ದುಪಡಿ ಸಾರ್. ಕುದುರೆಗಾಡಿಯ ವಿಷಯದಲ್ಲಿ ಪ್ರತಿಯನ್ನು ದೂರಬೇಡಿ. ಆ ಗಾಡಿ ಸರಿಯಾದ ಪ್ರತಿಯಲ್ಲೂ ಹಾಗೇ ತಟತಟ ಓಡುತ್ತದೆ. ಮುರ್ನೌ ಬೇಕೆಂದೇ ಕಡಿಮೆ ಫ್ರೇಮಿನಲ್ಲಿ ತೆಗೆಸಿದ್ದು. ಗಡಿ ದಾಟಿ ಬೇರೆ ಲೋಕಕ್ಕೆ ಹೋದ ಹಾಗಾಗಬೇಕಲ್ಲ. ಅದರ ಜೊತೆಯಲ್ಲೇ ಬರುವ ಕಾಡಿನ ಒಂದು ದೃಶ್ಯ ನೆಗೆಟಿವ್‌ನಲ್ಲೇ ಇದೆ: ಮರಗಳು ಬಿಳಿ, ಆಕಾಶ ಕಪ್ಪು. ‘ಫೈಲು ಕೆಟ್ಟಿದೆ’ ಎಂದು ಪ್ರದರ್ಶನದ ಮಧ್ಯೆ ನಿಲ್ಲಿಸಿಬಿಟ್ಟೀರಿ!

ಬಣ್ಣದ ಪ್ರಶ್ನೆಗೂ ಉತ್ತರ ಹೇಳುತ್ತೇನೆ, ಇದು ನನಗೆ ತುಂಬ ಇಷ್ಟದ ವಿಷಯ. ಬಣ್ಣ ಆಮೇಲೆ ಬಳಿದದ್ದಲ್ಲ, ಮೊದಲಿನಿಂದಲೂ ಇದ್ದದ್ದು. 1920ರ ದಶಕದ ಆರಂಭದಲ್ಲಿ ಬಹುಪಾಲು ಚಿತ್ರಗಳ ಪ್ರಿಂಟುಗಳು ಬಣ್ಣದಲ್ಲೇ ಮಂದಿರಕ್ಕೆ ಹೋಗುತ್ತಿದ್ದವು. ದೀಪ ಉರಿಯುವ ಒಳಾಂಗಣಕ್ಕೆ ಅಂಬರ್ (ಕಂದುಹಳದಿ), ರಾತ್ರಿಗೆ ನೀಲಿ, ಬೆಂಕಿಗೆ ಕೆಂಪು, ಮುಂಜಾವಿಗೆ ನಸುಗೆಂಪು. ಆಗಿನ ಫಿಲ್ಮಿಗೆ ಬೆಳಕಿನ ಹಸಿವು ಜಾಸ್ತಿ. ರಾತ್ರಿ ಹೊತ್ತು ಹೊರಗೆ ತೆಗೆಯುವುದು ಕಷ್ಟ. ಹಾಗಾಗಿ ರಾತ್ರಿಯ ದೃಶ್ಯವನ್ನು ಹಾಡಹಗಲೇ ತೆಗೆದು ಪ್ರಿಂಟನ್ನು ನೀಲಿ ಬಣ್ಣದ ತೊಟ್ಟಿಯಲ್ಲಿ ಅದ್ದುತ್ತಿದ್ದರು. ನಿಮ್ಮ 63 ನಿಮಿಷದ ಪ್ರತಿಯಲ್ಲಿ ರಕ್ತಪಿಶಾಚಿ ಮಟಮಟ ಮಧ್ಯಾಹ್ನ ಶವಪೆಟ್ಟಿಗೆ ಹೊತ್ತು ಬೀದಿಯಲ್ಲಿ ನಡೆಯುತ್ತಾನೆ. ಸೂರ್ಯನ ಬೆಳಕು ಬಿದ್ದರೆ ಸಾಯುವವನು! ನೀಲಿ ಹೋದರೆ ಕಥೆಯೇ ಹೋಯಿತು.

ಬಿಳಿಪರದೆ

> ಬಣ್ಣದ ತೊಟ್ಟಿಯಲ್ಲಿ ಅದ್ದುತ್ತಿದ್ದರು

ಪೂರ್ತಿ ರೀಲನ್ನೇ? ನಡುವೆ ಬಣ್ಣ ಬದಲಾಗುತ್ತದಲ್ಲ?

ಅಂಬರ್‌ನೀಲಿ

ಇಲ್ಲ ಇಲ್ಲ. ಬಣ್ಣದ ಪ್ರಕಾರ ತುಂಡುಗಳನ್ನು ಬೇರೆ ಬೇರೆ ಪ್ರಿಂಟ್ ಮಾಡಿ, ಅದ್ದಿ, ಒಣಗಿಸಿ, ಆಮೇಲೆ ಕಥೆಯ ಕ್ರಮದಲ್ಲಿ ಅಂಟಿಸುತ್ತಿದ್ದರು. ಅಂದರೆ ಪ್ರತಿಯೊಂದು ಪ್ರಿಂಟಿನಲ್ಲೂ ಬಣ್ಣ ಬದಲಾಗುವಲ್ಲೆಲ್ಲ ಒಂದೊಂದು ಜೋಡಣೆ. ಪಾತ್ರ ದೀಪ ಊದಿದ ಕ್ಷಣ ಅಂಬರ್ ಹೋಗಿ ನೀಲಿ ಬರುತ್ತದೆ ನೋಡಿ, ಅಲ್ಲಿ ಯಾರೋ ಕೈಯಲ್ಲಿ ಕತ್ತರಿ ಹಿಡಿದು ಆ ಒಂದು ಫ್ರೇಮನ್ನು ಹುಡುಕಿ ಅಂಟಿಸಿದ್ದಾರೆ.

ನೆಗೆಟಿವ್‌ನಲ್ಲಿ ಬಣ್ಣ ಇರುವುದಿಲ್ಲ. ಆಮೇಲಿನ ಪ್ರತಿಗಳನ್ನೆಲ್ಲ ಕಪ್ಪು-ಬಿಳುಪು ಫಿಲ್ಮಿಗೇ ಇಳಿಸಿದ್ದರಿಂದ ಬಣ್ಣ ಕಳೆದುಹೋಯಿತು. ಒಂದು ಬಣ್ಣದ ಪ್ರಿಂಟು ಎಲ್ಲಾದರೂ ಉಳಿದಿದ್ದರೆ ಅದರಿಂದ, ಇಲ್ಲವೇ ನೆಗೆಟಿವ್‌ನ ತುದಿಯಲ್ಲಿ ಬರೆದಿಟ್ಟ ಸೂಚನೆಗಳಿಂದ ಮರಳಿ ಪಡೆಯಬೇಕು.

ಹಳೇಪ್ರಿಂಟು

ಇಲ್ಲಿ ಟಿಂಟಿಂಗ್ ಬೇರೆ, ಟೋನಿಂಗ್ ಬೇರೆ ಅಂತ ಹೇಳ್ಬೇಕಿತ್ತು. ಟಿಂಟ್ ಮಾಡಿದ್ರೆ ಬಿಳಿ ಜಾಗಕ್ಕೆ ಬಣ್ಣ ಬರುತ್ತೆ, ಕಪ್ಪು ಕಪ್ಪಾಗೇ ಇರುತ್ತೆ. ಟೋನಿಂಗ್‌ನಲ್ಲಿ ಬೆಳ್ಳಿಯನ್ನೇ ಬಣ್ಣದ ಲವಣವಾಗಿ ಬದಲಾಯಿಸ್ತಾರೆ, ಹಾಗಾಗಿ ಕಪ್ಪು ಜಾಗಕ್ಕೆ ಬಣ್ಣ, ಬಿಳಿ ಬಿಳಿಯಾಗೇ ಉಳಿಯುತ್ತೆ. ಎರಡನ್ನೂ ಸೇರಿಸಿ ನೀಲಿ ಟೋನ್, ನಸುಗೆಂಪು ಟಿಂಟ್ ಮಾಡಿದ್ರೆ ಸೂರ್ಯಾಸ್ತದ ಕಡಲು ಸಿಗುತ್ತೆ. ಕಂಪ್ಯೂಟರಿನಲ್ಲಿ ಪ್ರಯೋಗ ಮಾಡೋರಿಗೆ: ಟಿಂಟಿಗೆ ಬಣ್ಣದ ಪದರವನ್ನ ‘ಮಲ್ಟಿಪ್ಲೈ’ನಲ್ಲಿ ಇಡಿ, ಟೋನಿಗೆ ‘ಸ್ಕ್ರೀನ್’ನಲ್ಲಿ. ಪದರದ ಗಾಢತೆ ಜಾಸ್ತಿ ಮಾಡಿದ್ರೆ ಮುಖದ ವಿವರ ಮುಚ್ಚಿಹೋಗುತ್ತೆ.

ಒಂದೂವರೆರೀಲು

ನೀಲಿ ದೃಶ್ಯಗಳು ಪ್ರೊಜೆಕ್ಟರಿನಲ್ಲಿ ಬಹಳ ಮಂಕಾಗ್ತಾವ ನೋಡ್ರಿ. ಕಿಟಕಿ ಸಂದಿಯಿಂದ ಬೆಳಕು ಬರಂಗಿಲ್ಲ ಅನ್ನೋದು ಖಾತ್ರಿ ಮಾಡ್ಕೊಳ್ರಿ. ಅಂಬರ್ ದೃಶ್ಯ ಇಟ್ಕೊಂಡು ಪರೀಕ್ಷೆ ಮಾಡಬ್ಯಾಡ್ರಿ, ನೀಲಿದು ಇಟ್ಕೊಂಡು ಮಾಡ್ರಿ. ಅದು ಕಂಡ್ರ ಉಳಿದದ್ದೆಲ್ಲ ಕಂಡಂಗ.

ಕೀಟನ್‌ಭಕ್ತ

ವೇಗದ ವಿಷಯಕ್ಕೆ ವಾಪಸ್ ಬರೋಣ. ಎಲ್ಲ ಮೂಕಿಯನ್ನೂ 18ಕ್ಕೆ ಇಳಿಸೋ ಹೊಸ ಚಟ ಶುರುವಾಗಿದೆ, ಅದೂ ತಪ್ಪೇ. ಅಮೆರಿಕದ ಹಾಸ್ಯನಟ ಬಸ್ಟರ್ ಕೀಟನ್ ಅವರ 1926ರ ‘ದಿ ಜನರಲ್’ನಲ್ಲಿ ಹುಡುಗಿ ಬೈದು ಕಳಿಸಿದ ಮೇಲೆ ಅವನು ರೈಲಿನ ಚಕ್ರಗಳನ್ನು ಜೋಡಿಸುವ ಕಬ್ಬಿಣದ ದಂಡದ ಮೇಲೆ ಸುಮ್ಮನೆ ಕೂತಿರುತ್ತಾನೆ. ಒಳಗಿದ್ದವನಿಗೆ ಗೊತ್ತಿಲ್ಲ, ಎಂಜಿನ್ ಬಿಡುತ್ತಾನೆ. ದಂಡ ಮೇಲೇಳುತ್ತದೆ, ಇಳಿಯುತ್ತದೆ, ಮತ್ತೆ ಏಳುತ್ತದೆ. ಅವನು ಕೂತ ಭಂಗಿಯಲ್ಲೇ ಅದರ ಜೊತೆ ಏರಿ ಇಳಿಯುತ್ತಾನೆ. ಅವನಿಗೆ ಅರಿವಾಗುವ ಹೊತ್ತಿಗೆ ಎಂಜಿನ್ ಶೆಡ್ಡಿನ ಬಾಗಿಲಿಗೆ ಬಂದಿರುತ್ತದೆ. ಆ ಅರಿವು ಮುಖದಲ್ಲಿ ಮೂಡುವುದಕ್ಕೂ ಅವನು ಕತ್ತಲೊಳಗೆ ಮರೆಯಾಗುವುದಕ್ಕೂ ನಡುವೆ ಇರುವುದು ಒಂದು ಚಿಟಿಕೆಯಷ್ಟು ಸಮಯ. ಅದನ್ನು 18ಕ್ಕೆ ಎಳೆದರೆ ನಗೆ ಸತ್ತುಹೋಗುತ್ತದೆ. ತೀರಾ ಜೋರು ಮಾಡಿದರೆ ಅದರೊಳಗಿನ ದುಃಖ ಸಾಯುತ್ತದೆ. ಆ ಚಿತ್ರಕ್ಕೆ 24ರ ಸುತ್ತಮುತ್ತಲೇ ಸರಿ.

ಕೈತಿರುಗಣೆ

ನೂರಕ್ಕೆ ನೂರು ಒಪ್ಪಿದೆ. ಹಾಸ್ಯಚಿತ್ರದವರು ಬೇಕೆಂದೇ ನಿಧಾನ ತಿರುಗಿಸಿ ಜೋರಾಗಿ ತೋರಿಸುತ್ತಿದ್ದರು. ಅದನ್ನು ‘ಸಹಜ’ ಮಾಡಲು ಹೋದರೆ ಅವರ ಕೆಲಸವನ್ನೇ ಅಳಿಸಿದ ಹಾಗೆ.

ಆದರೂ ಗಂಭೀರ ಚಿತ್ರದಲ್ಲಿ ಕ್ಯಾಮೆರಾದ ವೇಗ ತಿಳಿಯಲು ಒಂದು ಒಳ್ಳೆ ದಾರಿ ಇದೆ: ಬೀಳುವ ವಸ್ತು. 75 ಸೆಂಟಿಮೀಟರ್ ಎತ್ತರದ ಮೇಜಿನಿಂದ ಲೋಟ ನೆಲಕ್ಕೆ ಬೀಳಲು 0.39 ಸೆಕೆಂಡು ಬೇಕು. ಗುರುತ್ವಕ್ಕೆ 1922 ಆದರೇನು, ಇವತ್ತಾದರೇನು. ಲೋಟ ಅಂಚು ಬಿಟ್ಟ ಫ್ರೇಮಿನಿಂದ ನೆಲ ಮುಟ್ಟಿದ ಫ್ರೇಮಿನವರೆಗೆ ಎಣಿಸಿ. 6 ಬಂದರೆ 16ರ ಹತ್ತಿರ, 7 ಬಂದರೆ 18, 9ರಿಂದ 10 ಬಂದರೆ 24.

ನೈಟ್ರೇಟ್

ಟೋಪಿ, ಕಾಗದ, ಕರವಸ್ತ್ರ ಲೆಕ್ಕಕ್ಕಿಲ್ಲ, ಗಾಳಿ ತಡೆಯುತ್ತೆ. ಭಾರದ ವಸ್ತುವೇ ಆಗಬೇಕು. ಕ್ಯಾಮೆರಾ ಓರೆಯಾಗಿದ್ದರೆ ಎತ್ತರದ ಅಂದಾಜೂ ತಪ್ಪುತ್ತೆ. ಇನ್ನೊಂದು, ಅದರಿಂದ ಸಿಗೋದು ತೆಗೆದ ವೇಗ, ತೋರಿಸಬೇಕಾದ ವೇಗ ಅಲ್ಲ. ಡೆನ್ಮಾರ್ಕಿನ ನಿರ್ದೇಶಕ ಡ್ರೇಯರ್ ಅವರ 1928ರ ‘ಜೋನ್ ಆಫ್ ಆರ್ಕ್’ ಚಿತ್ರವನ್ನು 20ಕ್ಕೆ ನೋಡಬೇಕೋ 24ಕ್ಕೋ ಅನ್ನೋ ಜಗಳ ಇನ್ನೂ ಮುಗಿದಿಲ್ಲ. ಎರಡೂ ವೇಗವನ್ನ ಒಂದೇ ಬ್ಲೂರೇಯಲ್ಲಿ ಕೊಟ್ಟದ್ದೂ ಉಂಟು. 20ರಲ್ಲಿ ಕಣ್ಣೀರು ಕೆನ್ನೆ ಮೇಲೆ ಇಳಿಯೋ ಹೊತ್ತು ಸರಿ ಅನ್ನಿಸುತ್ತೆ ನನಗೆ.

ಕೀಟನ್‌ಭಕ್ತ

ನನಗೆ 24. ಆ ವಿಚಾರಣೆಯ ಉಸಿರುಗಟ್ಟಿಸುವ ಬಿಗಿ 20ರಲ್ಲಿ ಸಡಿಲವಾಗುತ್ತದೆ.

ಪರದೆಪ್ರಿಯ

ಫ್ರೇಮು ಎಣಿಸುವುದು ಹೇಗೆ? ಮತ್ತೆ 81 ನಿಮಿಷದ ಫೈಲು ಯಾವ ವೇಗದ್ದು ಎಂದು ಹೇಗೆ ತಿಳಿಯುವುದು? ಮೂರೂ ಫೈಲುಗಳ ವಿವರದಲ್ಲಿ 24 ಎಂದೇ ತೋರಿಸುತ್ತಿದೆ.

ಕೈತಿರುಗಣೆ

ಫೈಲಿನ 24 ನಂಬಬೇಡಿ, ಅದು ಡಬ್ಬಿಯ ವೇಗ, ಒಳಗಿನ ಚಿತ್ರದ್ದಲ್ಲ. ವಿಎಲ್‌ಸಿಯಲ್ಲಿ ತೆರೆದು, ಯಾರಾದರೂ ನಡೆಯುತ್ತಿರುವ ದೃಶ್ಯದಲ್ಲಿ ನಿಲ್ಲಿಸಿ, ಇಂಗ್ಲಿಷ್ ‘ಇ’ ಕೀ ಒತ್ತುತ್ತಾ ಹೋಗಿ. ಒಂದು ಒತ್ತಿಗೆ ಒಂದು ಫ್ರೇಮು. ಚಿತ್ರ ಕದಲದೆ ನಿಂತ ಒತ್ತುಗಳನ್ನು ಗುರುತು ಹಾಕಿಕೊಳ್ಳಿ.

ಪ್ರತಿ 3 ಒತ್ತಿಗೆ ಒಮ್ಮೆ ನಿಂತರೆ ಒಳಗಿನ ವೇಗ 16. ಪ್ರತಿ 4ಕ್ಕೆ ಒಮ್ಮೆ ನಿಂತರೆ 18. ಪ್ರತಿ 6ಕ್ಕೆ ಒಮ್ಮೆ ಆದರೆ 20. 12ಕ್ಕೆ ಒಮ್ಮೆ ಆದರೆ 22. ಎಲ್ಲೂ ನಿಲ್ಲದಿದ್ದರೆ ಫ್ರೇಮಿಗೆ ಫ್ರೇಮು 24ರಲ್ಲೇ ಓಡುತ್ತಿದೆ, ನಿಮ್ಮ 63 ನಿಮಿಷದ್ದು ಹಾಗೇ ಇರಬೇಕು. ಶೀರ್ಷಿಕೆ ಫಲಕದ ಮೇಲೆ ಮಾತ್ರ ಪರೀಕ್ಷಿಸಬೇಡಿ, ಅಲ್ಲಿ ಏನೂ ಕದಲುವುದಿಲ್ಲ.

ಎಲ್ಲೂ ನಿಲ್ಲದ ಫೈಲಾದರೆ ಪ್ಲೇಯರಿನ ವೇಗವನ್ನು 0.75 ಮಾಡಿ, 18 ಸಿಗುತ್ತದೆ. 0.83 ಮಾಡಿದರೆ 20. ಆದರೆ ಅದರ ಜೊತೆಗಿನ ಸಂಗೀತವೂ ಎಳೆಯುತ್ತದೆ, ಅದನ್ನು ಮುಚ್ಚಿಬಿಟ್ಟು ಬೇರೆ ಹಾಕಬೇಕು. ಈಗಾಗಲೇ ಪುನರಾವರ್ತಿತ ಫ್ರೇಮು ಇರುವ ಫೈಲನ್ನು ಮತ್ತೆ ನಿಧಾನ ಮಾಡಿದರೆ ಚಿತ್ರ ತೆವಳುತ್ತದೆ, ಈ ತಪ್ಪು ತುಂಬ ಜನ ಮಾಡುತ್ತಾರೆ.

ಹಳೇಪ್ರಿಂಟು

ಒತ್ತುವಾಗ ಒಂದು ಫ್ರೇಮಿನಲ್ಲಿ ಎರಡು ಕೈ, ನಾಲ್ಕು ಕಾಲು ಮಸುಕಾಗಿ ಕಂಡ್ರೆ ಆ ಫೈಲು ಬಿಟ್ಟುಬಿಡಿ. ವೇಗ ಬದಲಿಸೋವಾಗ ಅಕ್ಕಪಕ್ಕದ ಫ್ರೇಮುಗಳನ್ನ ಕಲಸಿರ್ತಾರೆ. ಅದನ್ನ ಬಿಡಿಸೋದು ಕಷ್ಟ. ಬಾಚಣಿಗೆ ಹಲ್ಲಿನ ಥರ ಅಡ್ಡಗೆರೆ ಕಂಡ್ರೆ ಮಾತ್ರ ಗಾಬರಿ ಬೇಡ, ಅದು ಇಂಟರ್‌ಲೇಸ್, ಪ್ಲೇಯರಿನಲ್ಲಿ ಡಿಇಂಟರ್‌ಲೇಸ್ ಹಾಕಿದ್ರೆ ಹೋಗುತ್ತೆ.

ಹಾಗೇ ಟಿವಿ, ಪ್ರೊಜೆಕ್ಟರಿನಲ್ಲಿ ‘ಮೋಷನ್ ಸ್ಮೂದಿಂಗ್’ ಅಂತ ಇರೋದನ್ನೆಲ್ಲ ಆರಿಸಿ. ಅದು ಇಲ್ಲದ ಫ್ರೇಮುಗಳನ್ನ ತಾನೇ ಹುಟ್ಟಿಸುತ್ತೆ. ಬೀಸಿದ ಕೈ ಸುತ್ತ ನೀರಿನಲ್ಲಿ ಕಂಡ ಹಾಗೆ ಬಳುಕು ಬರುತ್ತೆ.

ಹೊಸನೋಟ

ಈಗ ಎಐ ಹಾಕಿ 4ಕೆ, 60 ಫ್ರೇಮು, ಪೂರ್ತಿ ಬಣ್ಣ ಮಾಡಿರೋ ಮೂಕಿಗಳು ಎಷ್ಟು ಚೆನ್ನಾಗಿವೆ! ಮೊದಲ ಸಲ ನೋಡುವವರಿಗೆ ಅದೇ ಹಾಕಬಹುದಲ್ವಾ?

ಅಂಬರ್‌ನೀಲಿ

ದಯವಿಟ್ಟು ಬೇಡ. ಒಂದು ನಿಮಿಷ ನಿಲ್ಲಿಸಿ ಹತ್ತಿರದಿಂದ ನೋಡಿ. ಫಿಲ್ಮಿನ ಕಣಗಳನ್ನು ಕೊಳೆ ಎಂದು ತಿಳಿದು ಒರೆಸಿರುತ್ತದೆ, ಚರ್ಮ ಮೇಣದ ಹಾಗಾಗಿರುತ್ತದೆ. ಗುಂಪಿನಲ್ಲಿ ಹಿಂದೆ ನಿಂತವರ ಮುಖಗಳನ್ನು ಊಹಿಸಿ ಬರೆದಿರುತ್ತದೆ, ಅವು ಆ ದಿನ ಕ್ಯಾಮೆರಾದ ಮುಂದೆ ಇದ್ದ ಮುಖಗಳಲ್ಲ. ಬೆರಳು ಅಂಟಿಕೊಂಡಿರುತ್ತವೆ. ಬೆಳಕು ನೆರಳನ್ನು ಅಳೆದು ಸುರಿದವರ ಚಿತ್ರಗಳಿವು.

ಹೊಸನೋಟ

ಸರಿ, ಒಪ್ಪಿದೆ. ಆದ್ರೆ ಮುಖ ಅಷ್ಟು ಬಿಳಿ, ತುಟಿ ಅಷ್ಟು ಕಪ್ಪು ಯಾಕಿರುತ್ತೆ? ಆಗಿನ ಮೇಕಪ್ಪೇ ಹಾಗಾ?

ನೈಟ್ರೇಟ್

ಫಿಲ್ಮಿನ ಗುಣ ಅದು. ಆಗಿನ ಆರ್ಥೊಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣಲ್ಲ, ನೀಲಿ ಅತಿಯಾಗಿ ಕಾಣುತ್ತೆ. ಕೆಂಪು ತುಟಿ ಕಪ್ಪಾಗುತ್ತೆ, ಕೆನ್ನೆಯ ಕೆಂಪು ಕೊಳೆಯ ಹಾಗೆ ಕಾಣುತ್ತೆ, ಅದನ್ನ ಮುಚ್ಚಕ್ಕೆ ದಪ್ಪ ಬಣ್ಣ ಬಳೀತಿದ್ರು. ನೀಲಿ ಕಣ್ಣು ಗಾಜಿನ ಹಾಗೆ ತೆಳುವಾಗುತ್ತೆ, ನೀಲಿ ಆಕಾಶ ಬೋಳು ಬಿಳಿ. ಎಲ್ಲ ಬಣ್ಣಕ್ಕೂ ಸ್ಪಂದಿಸುವ ಪ್ಯಾಂಕ್ರೊಮ್ಯಾಟಿಕ್ ಫಿಲ್ಮು 1920ರ ದಶಕದ ನಡುವಿಂದ ಹಬ್ಬಿತು. ಆಮೇಲೆ ಮೋಡಗಳು ಕಾಣಿಸಿಕೊಂಡ್ವು. ಡ್ರೇಯರ್ ಆ ಫಿಲ್ಮನ್ನೇ ಬಳಸಿ, ಜೋನ್ ಮುಖಕ್ಕೆ ಮೇಕಪ್ಪೇ ಹಾಕಿಸಲಿಲ್ಲ. ಚರ್ಮದ ಬಿರುಕು, ಒಣಗಿದ ತುಟಿ ಎಲ್ಲ ಕಾಣೋದು ಅದಕ್ಕೇ.

ಬಿಳಿಪರದೆ

ಯಾರೂ ಚೌಕಟ್ಟಿನ ಮಾತೇ ಎತ್ತಿಲ್ಲ. ಮೂಕಿಯ ಪೂರ್ಣ ಚೌಕಟ್ಟು 1.33ಕ್ಕೆ 1, ಅಂದರೆ 4:3. ಟಾಕಿ ಬಂದಾಗ ಧ್ವನಿಯ ಪಟ್ಟಿಗೆ ಫಿಲ್ಮಿನ ಒಂದು ಅಂಚಿನಲ್ಲಿ ಸುಮಾರು ಎರಡೂವರೆ ಮಿಲಿಮೀಟರ್ ಜಾಗ ಬಿಟ್ಟುಕೊಟ್ಟರು. ಹಳೆಯ ಮೂಕಿಗಳನ್ನು ಸಂಗೀತದ ಪಟ್ಟಿ ಸೇರಿಸಿ ಮರುಮುದ್ರಣ ಮಾಡಿದಾಗ ಚಿತ್ರದ ಎಡ ಅಂಚು ಹತ್ತನೇ ಒಂದರಷ್ಟು ಆ ಪಟ್ಟಿಯ ಕೆಳಗೆ ಹೂತುಹೋಯಿತು. ಕಂಡುಹಿಡಿಯುವುದು ಸುಲಭ: ಶೀರ್ಷಿಕೆ ಫಲಕ ಬಂದಾಗ ಅಕ್ಷರಗಳ ಎಡಗಡೆ ಎಷ್ಟು ಜಾಗ, ಬಲಗಡೆ ಎಷ್ಟು ಅಂತ ನೋಡಿ. ಎಡಕ್ಕೆ ಒತ್ತಿಕೊಂಡಿದ್ದರೆ ಆ ಪ್ರತಿ ಧ್ವನಿಪಟ್ಟಿಗಾಗಿ ಕೊಯ್ದದ್ದು.

ಇನ್ನು 16:9 ಪರದೆಗೆ ತುಂಬಿಸಲು ಚಿತ್ರವನ್ನು ಅಡ್ಡ ಎಳೆಯುವುದು, ತಲೆ ಕತ್ತರಿಸುವುದು ಯಾವ ಕಾರಣಕ್ಕೂ ಬೇಡ. ಪರದೆ 2.4 ಮೀಟರ್ ಅಗಲ ಇದ್ದರೆ ಎತ್ತರ 1.35, ಅದರಲ್ಲಿ 4:3 ಚಿತ್ರ 1.8 ಮೀಟರ್ ಅಗಲ ಬರುತ್ತದೆ. ಎಡಬಲದಲ್ಲಿ ಉಳಿಯುವ 30-30 ಸೆಂಟಿಮೀಟರಿಗೆ ಕಪ್ಪು ಬಟ್ಟೆ ಇಳಿಬಿಡಿ. ಪ್ರೊಜೆಕ್ಟರಿನ ‘ಕಪ್ಪು’ ನಿಜವಾಗಿ ಬೂದು, ಬಟ್ಟೆ ಹಾಕಿದ ಕೂಡಲೇ ಚಿತ್ರದ ಕಪ್ಪು ಗಾಢವಾಗಿ ಕಾಣುತ್ತದೆ. ಪ್ರೊಜೆಕ್ಟರನ್ನು ಪರದೆಗೆ ನೇರವಾಗಿ ಇಡಿ. ಓರೆ ಇಟ್ಟು ಕೀಸ್ಟೋನ್‌ನಲ್ಲಿ ಸರಿಮಾಡಿದರೆ ಅದು ಚಿತ್ರವನ್ನು ಹಿಂಡಿ ಹಿಗ್ಗಿಸಿ ಸೂಕ್ಷ್ಮ ವಿವರವನ್ನು ಹಾಳುಮಾಡುತ್ತದೆ.

ಒಂದೂವರೆರೀಲು

ಓವರ್‌ಸ್ಕ್ಯಾನ್ ಸೈತ ಆಫ್ ಮಾಡ್ರಿ. ಇಲ್ಲಾಂದ್ರ ನಾಕೂ ಕಡಿ ಒಂದಿಷ್ಟು ಕೊಯ್ತದ.

ಪಿಯಾನೊಮೂಲೆ

ಸಂಗೀತದ ಬಗ್ಗೆ ಏನು ಯೋಚನೆ? ಮೂಕಿ ಅಂದ ಮಾತ್ರಕ್ಕೆ ಮೌನದಲ್ಲಿ ತೋರಿಸುತ್ತಿರಲಿಲ್ಲ ಮಾರಾಯ್ರೆ. ಸಣ್ಣ ಮಂದಿರದಲ್ಲಿ ಪಿಯಾನೊ, ದೊಡ್ಡದರಲ್ಲಿ ವಾದ್ಯಮೇಳ. ಜಪಾನಿನಲ್ಲಿ ಪರದೆಯ ಪಕ್ಕ ನಿಂತು ಕಥೆ ಹೇಳಿ ಎಲ್ಲ ಪಾತ್ರಗಳ ಮಾತನ್ನೂ ಆಡುವ ಬೆನ್ಶಿಗಳಿದ್ದರು, ಅವರ ಹೆಸರು ನೋಡಿಯೇ ಜನ ಬರುತ್ತಿದ್ದರು. ‘ನೊಸ್ಫೆರಾಟು’ಗೆ ಹಾನ್ಸ್ ಎರ್ಡ್‌ಮನ್ ಬರೆದ ಸಂಗೀತ ಇತ್ತು. ಪೂರ್ತಿ ಉಳಿದಿಲ್ಲ, ಸಿಕ್ಕಿದ್ದರಿಂದ ಮರುಜೋಡಣೆ ಮಾಡಿದ್ದಾರೆ.

ನೀವೇ ಸಂಗೀತ ಹೊಂದಿಸುವುದಾದರೆ ಮೊದಲು ಸದ್ದಿಲ್ಲದೆ ಇಡೀ ಚಿತ್ರ ನೋಡಿ. ಪ್ರತಿ ಶೀರ್ಷಿಕೆ ಫಲಕ, ಪ್ರತಿ ಬಣ್ಣ ಬದಲಾವಣೆಯ ಸಮಯ ಬರೆದುಕೊಳ್ಳಿ. ಐದಾರು ರಾಗದ ಎಳೆ ಸಾಕು: ಮನೆ, ಪ್ರಯಾಣ, ಕೋಟೆ, ಹಡಗು, ಸಾವು. ಪಾತ್ರ ಬಾಗಿಲು ಬಡಿದಾಗಲೆಲ್ಲ ಡಗ್ಗಾ ಬಡಿಯಬೇಡಿ, ಮೂರನೇ ಸಲಕ್ಕೆ ಜನ ನಗುತ್ತಾರೆ. ಬೆಚ್ಚಿಬೀಳಿಸುವ ಕ್ಷಣಕ್ಕೆ ಎರಡು ಮೂರು ಸೆಕೆಂಡು ಮೊದಲೇ ಎಲ್ಲ ವಾದ್ಯ ನಿಲ್ಲಿಸಿ. ನೆರಳು ಮೆಟ್ಟಿಲು ಹತ್ತುವ ದೃಶ್ಯದಲ್ಲಿ ಹೀಗೆ ಮಾಡಿದರೆ ಕೂತವರ ಉಸಿರು ಕೇಳಿಸುತ್ತದೆ.

ಹುಷಾರು, ಬೇರೆ ಪ್ರತಿಯ ಸಂಗೀತವನ್ನು ಈ ಪ್ರತಿಗೆ ಹೊಂದಿಸಲು ಹೋಗಬೇಡಿ. 23.976ಕ್ಕೂ 24ಕ್ಕೂ ವ್ಯತ್ಯಾಸ ಸಾವಿರಕ್ಕೆ ಒಂದು ಅಷ್ಟೇ ಅನ್ನಿಸುತ್ತದೆ, 90 ನಿಮಿಷಕ್ಕೆ ಅದು 5.4 ಸೆಕೆಂಡು ಆಗುತ್ತದೆ. 25ರ ಪ್ರತಿಯಾದರೆ 90 ನಿಮಿಷದ್ದು 86 ನಿಮಿಷ 24 ಸೆಕೆಂಡಿಗೇ ಮುಗಿಯುತ್ತದೆ, 3 ನಿಮಿಷ 36 ಸೆಕೆಂಡು ಕಾಣೆ.

ಹೊಸನೋಟ

ಎಲೆಕ್ಟ್ರಾನಿಕ್ ಸಂಗೀತ ಹಾಕಿದ್ರೆ?

ಪಿಯಾನೊಮೂಲೆ

ತಾಳಕ್ಕಿಂತ ದೃಶ್ಯ ಮುಂದಿರಬೇಕು, ಅಷ್ಟೇ ನನ್ನ ಷರತ್ತು. ಒಂದೇ ಲಯ 94 ನಿಮಿಷ ಬಡಿದರೆ ಯಾವ ವಾದ್ಯವಾದರೂ ಚಿತ್ರವನ್ನು ಕೊಲ್ಲುತ್ತದೆ. 1928ರ ‘ಶಿರಾಜ್’ ಮರುಸ್ಥಾಪನೆಯಾದಾಗ ಅನುಷ್ಕಾ ಶಂಕರ್ ಹೊಸದಾಗಿ ಸಂಗೀತ ಕೊಟ್ಟರು. ಹೊಸ ಸಂಗೀತ ತಪ್ಪಲ್ಲ.

ನೈಟ್ರೇಟ್

ಹಕ್ಕಿನ ವಿಷಯ ಮರೀಬೇಡಿ. ಚಿತ್ರ ಹಕ್ಕುಮುಕ್ತ ಆಗಿದ್ದರೂ ಅದಕ್ಕೆ ಕೂಡಿಸಿದ ಹೊಸ ಸಂಗೀತಕ್ಕೆ ಬೇರೆ ಹಕ್ಕು ಇರುತ್ತೆ. ಅಮೆರಿಕದಲ್ಲಿ 1929ರ ಚಿತ್ರಗಳು 2025ರ ಜನವರಿ 1ಕ್ಕೆ ಹಕ್ಕುಮುಕ್ತ ಆದವು, ಆದರೆ ದೇಶದಿಂದ ದೇಶಕ್ಕೆ ಲೆಕ್ಕ ಬೇರೆ. ಮರುಸ್ಥಾಪಿತ ಪ್ರತಿ ಹಾಕೋದಾದರೆ ಬಿಡುಗಡೆ ಮಾಡಿದವರಿಗೆ ಒಂದು ಮೇಲ್ ಹಾಕಿ ಅನುಮತಿ ಕೇಳಿ.

ಅಡಿಬರಹ

ಕನ್ನಡ ಅಡಿಬರಹದ ಬಗ್ಗೆ ನಾನು ಹೇಳುತ್ತೇನೆ. ಮೊದಲು ಯಾವ ಫಲಕಗಳಿಂದ ಅನುವಾದ ಮಾಡುತ್ತೀರಿ ಅನ್ನೋದು ನೋಡಿ. ಈ ಚಿತ್ರದ ಹಳೆಯ ಇಂಗ್ಲಿಷ್ ಪ್ರತಿಗಳಲ್ಲಿ ರಕ್ತಪಿಶಾಚಿ ಓರ್ಲಾಕ್‌ನನ್ನು ಡ್ರಾಕುಲ ಮಾಡಿದ್ದಾರೆ, ಕಥಾನಾಯಕ ಹಟ್ಟರ್ ಅನ್ನೋನು ಡ್ರಾಕುಲ ಕಾದಂಬರಿಯ ಹಾರ್ಕರ್ ಆಗಿದ್ದಾನೆ. ಜರ್ಮನ್ ಫಲಕ ಇರುವ ಪ್ರತಿಯನ್ನೇ ಆಧಾರ ಮಾಡಿಕೊಳ್ಳಿ.

ಅಡಿಬರಹ ಇರುವ ಎಸ್‌ಆರ್‌ಟಿ ಫೈಲನ್ನು ಯುಟಿಎಫ್-8 ಅಕ್ಷರಸಂಕೇತದಲ್ಲೇ ಉಳಿಸಿ, ಇಲ್ಲದಿದ್ದರೆ ಪರದೆ ತುಂಬ ಚೌಕುಳಿ ಬರುತ್ತವೆ. ಯುಎಸ್‌ಬಿ ಚುಚ್ಚಿದರೆ ಓದುವ ಟಿವಿ, ಪ್ರೊಜೆಕ್ಟರುಗಳನ್ನು ನಂಬಬೇಡಿ. ಅವುಗಳಲ್ಲಿ ಕನ್ನಡದ ಒತ್ತಕ್ಷರ ಒಡೆದುಹೋಗುತ್ತದೆ: ‘ರಕ್ತ’ ಬರೆದರೆ ‘ಕ’ ಅರ್ಧಾಕ್ಷರ ‘ಕ್’ ಆಗಿ ‘ತ’ ಪಕ್ಕದಲ್ಲಿ ಒಂಟಿಯಾಗಿ ನಿಲ್ಲುತ್ತದೆ. ಸುರಕ್ಷಿತ ದಾರಿ, ಒತ್ತಕ್ಷರ ಸರಿಯಾಗಿ ಜೋಡಿಸುವ ಹಾರ್ಫ್‌ಬಜ್, ಅಡಿಬರಹ ಬಿಡಿಸುವ ಲಿಬ್‌ಆಸ್ ಎರಡೂ ಇರುವ ಎಫ್‌ಎಫ್‌ಎಂಪೆಗ್ ಎಂಬ ವಿಡಿಯೋ ತಂತ್ರಾಂಶದಲ್ಲಿ ನೋಟೊ ಸ್ಯಾನ್ಸ್ ಕನ್ನಡ ಅಕ್ಷರ ಬಳಸಿ ಅಡಿಬರಹವನ್ನು ಚಿತ್ರಕ್ಕೇ ಅಚ್ಚೊತ್ತಿಬಿಡುವುದು. ಪೂರ್ತಿ ಮಾಡುವ ಮೊದಲು ಎರಡು ನಿಮಿಷದ ತುಂಡು ಮಾಡಿ ‘ಸ್ತ್ರೀ’, ‘ರಾಷ್ಟ್ರ’, ‘ಮೃತ್ಯು’ ಇಂಥ ಪದ ಹಾಕಿ ಪರೀಕ್ಷಿಸಿ.

ಅಳತೆ: ಎರಡು ಸಾಲು ಮೀರಬೇಡಿ. ಫಲಕ ನಿಲ್ಲುವ ಹೊತ್ತಿನಲ್ಲಿ ನೀವು ಆ ಸಾಲನ್ನು ಗಟ್ಟಿಯಾಗಿ ಒಮ್ಮೆ ಓದಿ ಮುಗಿಸಲು ಆಗದಿದ್ದರೆ ವಾಕ್ಯ ಉದ್ದವಾಯಿತು ಅಂತ ಅರ್ಥ. ಪತ್ರ, ಪುಸ್ತಕದ ಪುಟಗಳಿಗೆ ಗ್ರಾಂಥಿಕ ಕನ್ನಡ ಒಪ್ಪುತ್ತದೆ, ಮಾತಿನ ಫಲಕಕ್ಕೆ ಆಡುಮಾತೇ ಇರಲಿ. ಫಲಕ ಹೋದ ಕೂಡಲೇ ಅಡಿಬರಹವೂ ಹೋಗಬೇಕು.

ಬಿಳಿಪರದೆ

ಕೊನೆಯದು ಒಪ್ಪಲ್ಲ. ಅರ್ಧ ಸೆಕೆಂಡು ಹೆಚ್ಚಿಗೆ ನಿಂತರೆ ಓದುವವರಿಗೆ ಅನುಕೂಲ.

ಅಡಿಬರಹ

ಮುಂದಿನ ದೃಶ್ಯದ ಮೊದಲ ಅರ್ಧ ಸೆಕೆಂಡಿನಲ್ಲೇ ಎಷ್ಟೋ ಸಲ ಮುಖದ ಪ್ರತಿಕ್ರಿಯೆ ಇರುತ್ತದೆ. ಕಣ್ಣು ಕೆಳಗಿದ್ದರೆ ಅದು ತಪ್ಪುತ್ತದೆ. ವಾಕ್ಯ ಗಿಡ್ಡ ಮಾಡೋಣ, ಚಿತ್ರ ಮುಚ್ಚುವುದು ಬೇಡ. ಮುರ್ನೌ 1924ರ ‘ದಿ ಲಾಸ್ಟ್ ಲಾಫ್’ನಲ್ಲಿ ಕಥೆ ಹೇಳಲು ಒಂದೇ ಒಂದು ಫಲಕ ಬಳಸಿದ್ದು. ಮಾತಿಲ್ಲದೆ ಮುಖವೇ ಎಷ್ಟು ಹೇಳಬಲ್ಲದು ಅಂತ ನಂಬಿದವರ ಚಿತ್ರಕ್ಕೆ ಅಡಿಬರಹ ಹಾಕುತ್ತಿದ್ದೇವೆ ಅನ್ನೋದು ನೆನಪಿರಲಿ.

ಹಳೇಪ್ರಿಂಟು

ಸ್ವಲ್ಪ ವಿಷಯಾಂತರ. ಕೋರ್ಟು ‘ನೊಸ್ಫೆರಾಟು’ ಪ್ರಿಂಟುಗಳನ್ನೆಲ್ಲ ನಾಶ ಮಾಡಿ ಅಂದಿತ್ತು, ಡ್ರಾಕುಲ ಕಾದಂಬರಿಕಾರರ ಪತ್ನಿ ಹೂಡಿದ್ದ ಮೊಕದ್ದಮೆಯಲ್ಲಿ. ಬೇರೆ ದೇಶಗಳಿಗೆ ಹೋಗಿದ್ದ ಪ್ರಿಂಟುಗಳಿಂದ ಚಿತ್ರ ಬದುಕಿತು. ‘ಜೋನ್ ಆಫ್ ಆರ್ಕ್’ನ ಮೂಲರೂಪ 1981ರಲ್ಲಿ ನಾರ್ವೆಯ ಮಾನಸಿಕ ಆಸ್ಪತ್ರೆಯೊಂದರಲ್ಲಿ ಸಿಕ್ತು. 1927ರ ಜರ್ಮನ್ ಮೂಕಿ ‘ಮೆಟ್ರೊಪೊಲಿಸ್’ನ ಕಳೆದ ಭಾಗ 2008ರಲ್ಲಿ ಬ್ಯೂನಸ್ ಐರಿಸ್‌ನ ಸಿನಿಮಾ ಸಂಗ್ರಹಾಲಯದಲ್ಲಿ 16 ಎಂಎಂ ರೂಪದಲ್ಲಿ ಸಿಕ್ತು, ಗೀರುಗಳೇ ಚಿತ್ರದೊಳಗೆ ಅಚ್ಚಾಗಿಬಿಟ್ಟಿದ್ವು. 2010ರ ಪ್ರತಿ ನೋಡುವಾಗ ಇದ್ದಕ್ಕಿದ್ದಂತೆ ಚಿತ್ರ ಚಿಕ್ಕದಾಗಿ ಮಳೆ ಸುರಿದ ಹಾಗೆ ಗೀರು ಕಂಡ್ರೆ ಅದೇ ಆ ಭಾಗ.

ನೈಟ್ರೇಟ್

ಸಿಗದೆ ಹೋದದ್ದೇ ಹೆಚ್ಚು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 1912ರಿಂದ 1929ರವರೆಗೆ ಅಲ್ಲಿ ಬಂದ 10,919 ಕಥಾಚಿತ್ರಗಳಲ್ಲಿ ಮೂಲ 35 ಎಂಎಂ ರೂಪದಲ್ಲಿ ಪೂರ್ತಿ ಉಳಿದದ್ದು 1,575, ಅಂದರೆ ನೂರಕ್ಕೆ 14. ನೈಟ್ರೇಟ್ ಫಿಲ್ಮು ತಾನಾಗೇ ಕೊಳೆಯುತ್ತೆ: ಮೊದಲು ಚಿತ್ರ ಮಾಸುತ್ತೆ, ಆಮೇಲೆ ಅಂಟುತ್ತೆ, ಗುಳ್ಳೆ ಏಳುತ್ತೆ, ಸುರುಳಿ ಕಲ್ಲಾಗುತ್ತೆ, ಕೊನೆಗೆ ಕಂದು ಪುಡಿ. ಹೊತ್ತಿಕೊಂಡರೆ ನೀರು ಸುರಿದರೂ ಆರಲ್ಲ, ಉರಿಯಕ್ಕೆ ಬೇಕಾದ ಆಮ್ಲಜನಕ ಅದರೊಳಗೇ ಇದೆ.

ಒಂದೂವರೆರೀಲು

ನಮ್ಮ ‘ರಾಜಾ ಹರಿಶ್ಚಂದ್ರ’ದ್ದೂ ಅದೇ ಹಣೇಬರಹ ಅಲ್ರೀ. 1913ರ ಚಿತ್ರ, ನಾಕು ರೀಲಿನ್ಯಾಗ ಮೊದಲ್ನೇದು ಮತ್ತ ಕಡೀದು ಅಷ್ಟ ಉಳದಾವ.

ಅಂಬರ್‌ನೀಲಿ

ಅವೂ 1913ರವೇ ಹೌದೋ ಅಲ್ಲವೋ ಎಂಬ ವಾದ ಇದೆ. ಫಾಲ್ಕೆ 1917ರಲ್ಲಿ ಅದೇ ಕಥೆಯನ್ನು ಮತ್ತೆ ತೆಗೆದರು. ಉಳಿದ ರೀಲು ಆ ಎರಡನೆಯದ್ದು ಎಂದು ಕೆಲವು ಇತಿಹಾಸಕಾರರು ಹೇಳುತ್ತಾರೆ. ಫಾಲ್ಕೆಯವರ 1919ರ ‘ಕಾಳಿಯ ಮರ್ದನ’ ನೋಡಿ, ಅವರ ಮಗಳು ಮಂದಾಕಿನಿಯೇ ಕೃಷ್ಣ. ಆರಂಭದಲ್ಲಿ ಆ ಪುಟ್ಟ ಹುಡುಗಿ ಕ್ಯಾಮೆರಾದ ಮುಂದೆ ಕೂತು ಬರೀ ಮುಖದಲ್ಲಿ ಒಂದೊಂದೇ ಭಾವ ತೋರಿಸುತ್ತಾಳೆ. ಮುದ್ದು ಬರುತ್ತದೆ.

ಪರದೆಪ್ರಿಯ

ಎಲ್ಲರಿಗೂ ದೊಡ್ಡ ನಮಸ್ಕಾರ. ಒತ್ತಿ ಒತ್ತಿ ಎಣಿಸಿದೆ. 94 ನಿಮಿಷದ್ದು ಪ್ರತಿ ನಾಲ್ಕಕ್ಕೆ ಒಮ್ಮೆ ನಿಲ್ಲುತ್ತದೆ, ಅಲ್ಲಿಗೆ 18. 63ರದ್ದು ಎಲ್ಲೂ ನಿಲ್ಲುವುದಿಲ್ಲ, ಫಲಕದ ಅಕ್ಷರಗಳೂ ಎಡಕ್ಕೆ ಒತ್ತಿಕೊಂಡಿವೆ. 81ರದ್ದರಲ್ಲಿ ನಾಲ್ಕು ಕಾಲಿನ ಮಸುಕು ಇದೆ, ಬಿಟ್ಟೆ. 94ಕ್ಕೇ ಅನುಮತಿ ಕೇಳುತ್ತೇನೆ. ಒಂದು ಸಣ್ಣ ಅನುಮಾನ: ನಾಲ್ಕಕ್ಕೊಮ್ಮೆ ನಿಲ್ಲುವುದರಿಂದ ನಡಿಗೆಯಲ್ಲಿ ಸಣ್ಣ ತಡೆತಡೆ ಕಾಣುತ್ತದೆ. ಸರಿಮಾಡಬಹುದೇ?

ಕೈತಿರುಗಣೆ

ಪ್ರೊಜೆಕ್ಟರು 72 ಹರ್ಟ್ಸ್ (ಸೆಕೆಂಡಿಗೆ 72 ಸಲ ಚಿತ್ರ ತೋರಿಸುವುದು) ಒಪ್ಪಿದರೆ ಮಾಡಬಹುದು. ಪುನರಾವರ್ತಿತ ಫ್ರೇಮುಗಳನ್ನು ತೆಗೆದು ನಿಜವಾದ 18ರ ಫೈಲು ಮಾಡಿಕೊಳ್ಳಿ, 72ರಲ್ಲಿ ಪ್ರತಿ ಫ್ರೇಮೂ ಸರಿಯಾಗಿ ನಾಲ್ಕು ಸಲ ಬರುತ್ತದೆ, ತಡೆತಡೆ ಇರುವುದಿಲ್ಲ. 60 ಹರ್ಟ್ಸ್ ಮಾತ್ರ ಇದ್ದರೆ 18 ಅದಕ್ಕೆ ಸಮವಾಗಿ ಕೂರುವುದಿಲ್ಲ, ಇದ್ದ ಫೈಲನ್ನೇ ಹಾಕಿ. ತೆಗೆಯುವಾಗ ಶೀರ್ಷಿಕೆ ಫಲಕಗಳ ಬಗ್ಗೆ ಎಚ್ಚರ: ‘ಒಂದೇ ಥರದ ಫ್ರೇಮು ತೆಗೆ’ ಎಂದು ತಂತ್ರಾಂಶಕ್ಕೆ ಹೇಳಿದರೆ ಕದಲದ ಫಲಕವನ್ನೇ ನುಂಗಿಬಿಡುತ್ತದೆ. ಪ್ರತಿ ನಾಲ್ಕರಲ್ಲಿ ಒಂದು ಮಾತ್ರ ತೆಗೆ ಎಂದು ಹೇಳಬೇಕು.

ಪಿಯಾನೊಮೂಲೆ

ಮತ್ತೆ ಸಂಗೀತವನ್ನು ಹೊಸ ಫೈಲಿಗೆ ಸೇರಿಸಿದ ಮೇಲೆ ಕೊನೆಯ ರೀಲಿನಲ್ಲಿ ಒಮ್ಮೆ ತಾಳೆ ನೋಡಿ. ಹುಂಜ ಕೂಗುವ ದೃಶ್ಯದ ಹತ್ತಿರ ನೋಡಿದರೆ ಸಾಕು, ಅಲ್ಲಿ ಸರಿ ಇದ್ದರೆ ಎಲ್ಲ ಕಡೆ ಸರಿ ಇದೆ.